ಪೆಟ್ ಸ್ಕ್ಯಾನಲ್ಲಿ ಗಡ್ಡೆ ಹೊಳೀತು ಅಂತ ಅತ್ತೆ ಅನ್ನ, ಸಕ್ಕರೆ ಎರಡೂ ಬಿಟ್ಟಿದ್ದಾರೆ. ಇದು ಸರಿನಾ?

ತುಂಗಾತೀರ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸೈರಿಸಿಕೊಳ್ಳಿ.

ನಮ್ಮ ಸೋದರತ್ತೆಗೆ 58 ವರ್ಷ. ಸ್ತನ ಕ್ಯಾನ್ಸರ್ ಅಂತ ಗೊತ್ತಾಗಿ ಎರಡು ತಿಂಗಳಾಯ್ತು. ಪೆಟ್ ಸ್ಕ್ಯಾನಿಗೆ ನಾನೇ ಕರ್ಕೊಂಡು ಹೋಗಿದ್ದೆ. ಹಿಂದಿನ ರಾತ್ರಿಯಿಂದ ಉಪವಾಸ. ಬೆಳಿಗ್ಗೆ ಬೆರಳು ಚುಚ್ಚಿ ಶುಗರ್ ನೋಡಿದ್ರು, ಕೈಗೆ ಇಂಜೆಕ್ಷನ್ ಕೊಟ್ರು, ಕಂಬಳಿ ಹೊದಿಸಿ ಮಂದ ಬೆಳಕಿನ ಕೋಣೆಯಲ್ಲಿ ಒಂದು ಗಂಟೆ ಸುಮ್ಮನೆ ಮಲಗಿಸಿದ್ರು. ಮಾತಾಡಬಾರದು, ಮೊಬೈಲ್ ಹಿಡೀಬಾರದು. ಅತ್ತೆಗೆ ಅದೇ ದೊಡ್ಡ ಶಿಕ್ಷೆ.

ಆಮೇಲೆ ಚಿತ್ರ ನೋಡಿದ್ವಿ. ಎದೆಯಲ್ಲೊಂದು, ಕಂಕುಳಲ್ಲಿ ಎರಡು ಚುಕ್ಕೆ ಕೆಂಡದ ಥರ. ಆದರೆ ತಲೆಯಿಡೀ ಹೊಳೀತಿತ್ತು, ಹೊಟ್ಟೆ ಕೆಳಗೂ ಒಂದು ದೊಡ್ಡ ಉಂಡೆ. ನನ್ನ ಕಾಲು ತಣ್ಣಗಾಯ್ತು. ಅಲ್ಲಿದ್ದ ಹುಡುಗ ನಕ್ಕು, "ಅದು ಮೆದುಳು, ಇದು ಮೂತ್ರಕೋಶ, ಎಲ್ಲರಿಗೂ ಹೊಳೆಯುತ್ತೆ. ಸಕ್ಕರೆ ಎಲ್ಲಿ ಸೇರುತ್ತೋ ಅಲ್ಲಿ ಬೆಳಕು" ಅಂದ.

ಆ ಒಂದು ಮಾತು ಅತ್ತೆ ತಲೆಯಲ್ಲಿ ಕೂತುಬಿಡ್ತು. ಅದರ ಮೇಲೆ ನೆಂಟರ ವಾಟ್ಸ್ಯಾಪ್: ಸಕ್ಕರೆ ಕ್ಯಾನ್ಸರಿನ ಊಟ, ಬಿಟ್ಟರೆ ಗಡ್ಡೆ ಉಪವಾಸ ಬಿದ್ದು ಸಾಯುತ್ತೆ. ಸಕ್ಕರೆ, ಬೆಲ್ಲ, ಅನ್ನ, ಬಾಳೆಹಣ್ಣು ಎಲ್ಲ ಬಂದ್. ಬೆಳಿಗ್ಗೆ ಹಾಗಲಕಾಯಿ ರಸ, ಮಧ್ಯಾಹ್ನ ಸೊಪ್ಪು, ರಾತ್ರಿ ಅರ್ಧ ಲೋಟ ಮಜ್ಜಿಗೆ. ಐದು ವಾರದಲ್ಲಿ 54 ಕೆಜಿ ಇದ್ದವರು 48 ಆಗಿದ್ದಾರೆ. ಮೊನ್ನೆ ಕೀಮೋಗೆ ಹೋದಾಗ ರಕ್ತ ಕಮ್ಮಿ ಇದೆ ಅಂತ ಒಂದು ವಾರ ಮುಂದೂಡಿದ್ರು.

ಡಾಕ್ಟರ್ ಹತ್ರ ಕೇಳೋಣ ಅಂದ್ರೆ "ಅವರು ಇದನ್ನೆಲ್ಲ ಒಪ್ಪಲ್ಲ" ಅಂತ ನನ್ನ ಬಾಯಿ ಮುಚ್ಚಿಸ್ತಾರೆ. ಗಡ್ಡೆ ನಿಜವಾಗಲೂ ಉಪವಾಸ ಬೀಳುತ್ತಾ?

ಕಿಣ್ವ_ಕಿಟ್ಟಿ · ಭಾನುವಾರ ರಾತ್ರಿ 10:25

ಮೊದಲೇ ಹೇಳಿಬಿಡ್ತೀನಿ: ನಾನು ಡಾಕ್ಟರಲ್ಲ. ಬೆಂಗಳೂರಿನಲ್ಲಿ ಬಯೋಕೆಮಿಸ್ಟ್ರಿ ಲ್ಯಾಬಲ್ಲಿ ಕೆಲಸ. ದಿನವಿಡೀ ನೋಡೋದು ಇದೇ, ಜೀವಕೋಶದೊಳಗಿನ ಸಣ್ಣಪುಟ್ಟ ಅಣುಗಳು. ಗ್ಲೂಕೋಸ್, ಲ್ಯಾಕ್ಟೇಟ್, ಅಮೈನೊ ಆಮ್ಲ ಇವಕ್ಕೆಲ್ಲ ಸೇರಿಸಿ ಮೆಟಬೊಲೈಟ್ ಅಂತೀವಿ. ಪುಸ್ತಕದ ಕನ್ನಡದಲ್ಲಿ ಚಯಾಪಚಯ ಉತ್ಪನ್ನ. ಹೇಳೋಷ್ಟರಲ್ಲಿ ಕಾಫಿ ಆರುತ್ತೆ, ಹಾಗಾಗಿ ಮೆಟಬೊಲೈಟ್ ಅಂತಲೇ ಬರೀತೀನಿ.

ನಿಮ್ಮ ಅತ್ತೆಗೆ ಕೊಟ್ಟಿದ್ದು ವೇಷ ಹಾಕಿದ ಗ್ಲೂಕೋಸ್. ಗ್ಲೂಕೋಸಿನ ಎರಡನೇ ಇಂಗಾಲದ ಹತ್ತಿರ ಇರುವ ಒಂದು ಗುಂಪನ್ನು ತೆಗೆದು ಆ ಜಾಗಕ್ಕೆ ಫ್ಲೋರಿನ್-18 ಕೂರಿಸಿರ್ತಾರೆ. ಅದು ವಿಕಿರಣ ಸೂಸುತ್ತೆ, ಸುಮಾರು 110 ನಿಮಿಷಕ್ಕೆ ಅರ್ಧ ಕಮ್ಮಿಯಾಗುತ್ತೆ. ಜೀವಕೋಶ ಇದನ್ನು ಗ್ಲೂಕೋಸ್ ಅಂದ್ಕೊಂಡು ಒಳಗೆ ಬಿಟ್ಕೊಳ್ಳುತ್ತೆ. ಹೆಕ್ಸೊಕೈನೇಸ್ ಅನ್ನೋ ಕಿಣ್ವ ಅದಕ್ಕೆ ಫಾಸ್ಫೇಟ್ ಅಂಟಿಸುತ್ತೆ. ಮುಂದಿನ ಕಿಣ್ವಕ್ಕೆ ಮಾತ್ರ ಇದನ್ನು ಮುಟ್ಟೋಕಾಗಲ್ಲ, ಬೇಕಾದ ಹಿಡಿಕೆಯೇ ಕಿತ್ತುಹೋಗಿದೆಯಲ್ಲ. ಹಿಂದೆ ಹೋಗೋಕೂ ಆಗಲ್ಲ, ಮುಂದೆ ಹೋಗೋಕೂ ಆಗಲ್ಲ, ಅಲ್ಲೇ ಶೇಖರ ಆಗುತ್ತೆ. ಮೆದುಳು ಸದಾ ಗ್ಲೂಕೋಸ್ ತಿನ್ನುತ್ತೆ, ಹಾಗಾಗಿ ಹೊಳೀತು. ಮಾಮೂಲಿ ಗ್ಲೂಕೋಸನ್ನು ಮೂತ್ರಪಿಂಡ ಸೋಸಿ ವಾಪಸ್ ಎಳ್ಕೊಳ್ಳುತ್ತೆ, ಈ ವೇಷಧಾರಿಯನ್ನು ಅಷ್ಟಾಗಿ ಎಳ್ಕೊಳ್ಳಲ್ಲ. ಅದಕ್ಕೇ ಮೂತ್ರಕೋಶ ಹೊಳೆಯೋದು. ಒಂದು ಗಂಟೆ ಅಲ್ಲಾಡದೆ ಮಲಗಿಸಿದ್ದೂ ಇದಕ್ಕೇ. ಕೈಕಾಲು ಆಡಿಸಿದ್ರೆ ಸ್ನಾಯು ಗ್ಲೂಕೋಸ್ ಎಳ್ಕೊಂಡು ಅದೂ ಹೊಳೆಯುತ್ತೆ.

ಹಾಗಾಗಿ ಗಡ್ಡೆ ಜಾಸ್ತಿ ಗ್ಲೂಕೋಸ್ ತಿನ್ನುತ್ತೆ ಅನ್ನೋದು ನಿಜ. ತಟ್ಟೆಯಲ್ಲಿ ಸಕ್ಕರೆ ಬಿಟ್ರೆ ಅದಕ್ಕೆ ಗ್ಲೂಕೋಸ್ ಸಿಗಲ್ಲ ಅನ್ನೋದು ಸುಳ್ಳು. ರಕ್ತದ ಗ್ಲೂಕೋಸ್ ಇಳಿಯೋಕೆ ಯಕೃತ್ತು ಬಿಡಲ್ಲ. ಸಕ್ಕರೆ ಕಾಯಿಲೆ ಇಲ್ಲದವರು ರಾತ್ರಿಯೆಲ್ಲ ಉಪವಾಸ ಇದ್ದು ಬೆಳಿಗ್ಗೆ ಪರೀಕ್ಷೆ ಮಾಡಿಸಿದ್ರೂ 70ರಿಂದ 100 ಇರುತ್ತಲ್ಲ, ಅದು ಎಲ್ಲಿಂದ ಬಂತು? ಮೊದಲು ಗ್ಲೈಕೊಜೆನ್ ಅನ್ನೋ ರೂಪದಲ್ಲಿ ಕೂಡಿಟ್ಟ ಗ್ಲೂಕೋಸ್ ಕರಗುತ್ತೆ. ಅದು ಮುಗಿದ ಮೇಲೆ ಸ್ನಾಯುವಿನ ಪ್ರೋಟೀನ್ ಒಡೆದು ಯಕೃತ್ತು ಹೊಸ ಗ್ಲೂಕೋಸ್ ಮಾಡುತ್ತೆ. ಗಡ್ಡೆಗೆ ಅದೂ ಸಿಗುತ್ತೆ. ನಿಮ್ಮ ಅತ್ತೆ ಕಳ್ಕೊಂಡ ಆರು ಕೆಜಿಯಲ್ಲಿ ತೊಡೆ, ತೋಳಿನ ಮಾಂಸಖಂಡವೂ ಇದೆ. ಕೀಮೋ ತಡಕೊಳ್ಳೋಕೆ ಬೇಕಾಗಿದ್ದೇ ಅದು.

ದಯವಿಟ್ಟು ನಾಳೆಯೇ ಡಾಕ್ಟರಿಗೆ ಹೇಳಿ. ತೂಕ ಇಳಿದಿರೋದು ಮುಚ್ಚಿಡೋ ವಿಷಯ ಅಲ್ಲ. ಕೆಲವು ಔಷಧಿಯ ಪ್ರಮಾಣ ಲೆಕ್ಕ ಹಾಕೋದೇ ತೂಕ, ಎತ್ತರ ನೋಡಿ.

ಹುಬ್ಳಿ_ಹುಡ್ಗ · ಭಾನುವಾರ ರಾತ್ರಿ 10:52

ಕಿಟ್ಟಿ ಅಣ್ಣಾ, ಹೊಳಿಯೋದೆಲ್ಲಾ ಕ್ಯಾನ್ಸರ್ ಅಲ್ಲ ಅಂತನೂ ಹೇಳ್ರಿ. ನಮ್ಮ ಕಾಕಾಗ ಎದಿಯೊಳಗ ಗಂಟು ಹೊಳದಿದ್ವು. ಮನಿ ಮಂದಿ ಎಲ್ಲಾ ಅತ್ತು ಕರದು ಮಾಡಿದ್ವಿ. ಸೂಜಿ ಹಾಕಿ ತಗದು ನೋಡಿದ್ರ ಟಿಬಿ! ಆರು ತಿಂಗಳ ಗುಳಿಗಿ ನುಂಗಿ ಈಗ ಆರಾಮ ಅದಾರ. ಚಿತ್ರ ನೋಡಿ ಯಾರೂ ಗಾಬರಿ ಆಗಬ್ಯಾಡ್ರಿ.

ಕಿಣ್ವ_ಕಿಟ್ಟಿ · ಭಾನುವಾರ ರಾತ್ರಿ 11:03

ಸರಿಯಾಗಿ ಹೇಳಿದ್ರಿ. ಸೋಂಕಿನ ಜಾಗಕ್ಕೆ ನುಗ್ಗಿದ ರೋಗನಿರೋಧಕ ಕೋಶಗಳೂ ಗ್ಲೂಕೋಸ್ ಬಾಚ್ಕೊಂಡು ತಿಂತಾವೆ. ನಮ್ಮ ದೇಶದಲ್ಲಿ ಟಿಬಿ ಇಷ್ಟಿರೋವಾಗ ಈ ಗೊಂದಲ ಆಗ್ತಾನೇ ಇರುತ್ತೆ. ತಿರುಗುಮುರುಗೂ ಉಂಟು. ನಿಧಾನಕ್ಕೆ ಬೆಳೆಯೋ ಕೆಲವು ಕ್ಯಾನ್ಸರು, ಪ್ರಾಸ್ಟೇಟಿನದು ಎಷ್ಟೋ ಸಲ, ಈ ಸ್ಕ್ಯಾನಲ್ಲಿ ಮಂಕಾಗಿ ಕಾಣುತ್ತೆ. ಅಂದ್ರೆ ಎಲ್ಲ ಗಡ್ಡೆಗೂ ಸಕ್ಕರೆ ಹುಚ್ಚು ಒಂದೇ ಸಮ ಇಲ್ಲ.

ಸತ್ಯಾನ್ವೇಷಿ_72 · ಸೋಮವಾರ ಬೆಳಿಗ್ಗೆ 6:15

ಎಲ್ಲ ಗೊತ್ತಿರೋರ ಥರ ಬರೀತೀರಲ್ಲ, ವಾರ್‌ಬರ್ಗ್ ಹೆಸರು ಯಾಕೆ ಬರಲಿಲ್ಲ? ಕ್ಯಾನ್ಸರ್ ಸಕ್ಕರೆಯಿಂದ ಬದುಕುತ್ತೆ ಅಂತ ಕಂಡುಹಿಡಿದಿದ್ದಕ್ಕೇ ಆತನಿಗೆ 1931ರಲ್ಲಿ ನೊಬೆಲ್ ಕೊಟ್ರು. ಔಷಧಿ ಕಂಪನಿಗಳು ಅದನ್ನು ಹೂತು ಹಾಕಿದ್ವು. ಸಕ್ಕರೆ ಬಿಡೋದಕ್ಕೆ ದುಡ್ಡು ಕೊಡಬೇಕಾಗಿಲ್ಲವಲ್ಲ!

ಕಿಣ್ವ_ಕಿಟ್ಟಿ · ಸೋಮವಾರ ಬೆಳಿಗ್ಗೆ 8:40

ಸರ್, ಹೂತು ಹಾಕಿದ್ರೆ ಪ್ರತಿ ಬಯೋಕೆಮಿಸ್ಟ್ರಿ ಪಠ್ಯದಲ್ಲೂ ಆತನ ಹೆಸರು ಹೇಗೆ ಇರ್ತಿತ್ತು? ಬಸ್ಸಲ್ಲಿದ್ದೀನಿ, ಬರೀತಾ ಹೋಗ್ತೀನಿ.

ಒಟ್ಟೊ ವಾರ್‌ಬರ್ಗ್ ಬರ್ಲಿನ್ನಿನಲ್ಲಿ ಕೆಲಸ ಮಾಡ್ತಿದ್ದ ಜೀವರಸಾಯನ ವಿಜ್ಞಾನಿ. 1920ರ ದಶಕದಲ್ಲಿ ಇಲಿಯ ಗಡ್ಡೆಯನ್ನು ತೆಳ್ಳಗೆ ಕೊಯ್ದು, ಆ ಚೂರನ್ನು ಗಾಜಿನ ಬುರುಡೆಯಲ್ಲಿ ದ್ರಾವಣದೊಳಗೆ ಹಾಕಿ, ಬುರುಡೆಗೆ ಜೋಡಿಸಿದ ಕೊಳವೆಯಲ್ಲಿ ಗಾಳಿಯ ಒತ್ತಡ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಅಳೆದ್ರು. ಕೋಶ ಉಸಿರಾಡಿದ್ರೆ ಆಮ್ಲಜನಕ ಖರ್ಚಾಗಿ ಒತ್ತಡ ಇಳಿಯುತ್ತೆ. ಲ್ಯಾಕ್ಟಿಕ್ ಆಮ್ಲ ಬಿಟ್ರೆ ಅದು ದ್ರಾವಣದ ಬೈಕಾರ್ಬೊನೇಟಿನ ಜೊತೆ ಸೇರಿ ಇಂಗಾಲದ ಡೈ ಆಕ್ಸೈಡ್ ಉಕ್ಕುತ್ತೆ, ಒತ್ತಡ ಏರುತ್ತೆ. ನಿಂಬೆರಸಕ್ಕೆ ಸೋಡಾಪುಡಿ ಹಾಕಿದ ಹಾಗೆ. ಆಮ್ಲಜನಕ ಬೇಕಾದಷ್ಟಿದ್ರೂ ಗಡ್ಡೆ ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟೇಟ್ ಮಾಡಿ ಹೊರಗೆ ಚೆಲ್ಲುತ್ತೆ ಅನ್ನೋದು ಹೀಗೆ ಗೊತ್ತಾಯ್ತು. ಅದ್ಭುತ ಕೆಲಸ, ಎರಡು ಮಾತಿಲ್ಲ.

ನೊಬೆಲ್ ಬಂದಿದ್ದು ಇದಕ್ಕಲ್ಲ. ಕೋಶದ ಉಸಿರಾಟದ ಕಿಣ್ವದ ಸ್ವರೂಪ ಕಂಡುಹಿಡಿದಿದ್ದಕ್ಕೆ. ಕೋಶದೊಳಗೆ ಉಸಿರಾಟ ನಡೆಸೋ ಮೈಟೊಕಾಂಡ್ರಿಯಾ ಕೆಟ್ಟು ಉಸಿರಾಟ ಹಾಳಾಗೋದೇ ಕ್ಯಾನ್ಸರಿನ ಮೂಲ ಅಂತ ಅವರು 1956ರಲ್ಲೂ ಬಲವಾಗಿ ವಾದಿಸಿದ್ರು. ಅದು ನಿಲ್ಲಲಿಲ್ಲ. ಹೆಚ್ಚಿನ ಗಡ್ಡೆಗಳಲ್ಲಿ ಮೈಟೊಕಾಂಡ್ರಿಯಾ ಚೆನ್ನಾಗೇ ಕೆಲಸ ಮಾಡುತ್ತೆ. ಅಳತೆ ಸರಿ, ಅರ್ಥ ತಪ್ಪು.

ಹಾಗಾದ್ರೆ ಗಡ್ಡೆ ಯಾಕೆ ಹೀಗೆ ಪೋಲು ಮಾಡುತ್ತೆ? ಒಂದು ಗ್ಲೂಕೋಸನ್ನು ಪೂರ್ತಿ ಉರಿಸಿದ್ರೆ ಸುಮಾರು 30 ಎಟಿಪಿ (ಕೋಶ ಖರ್ಚು ಮಾಡೋ ಶಕ್ತಿಯ ನಾಣ್ಯ) ಸಿಗುತ್ತೆ, ಲ್ಯಾಕ್ಟೇಟಿಗೆ ನಿಲ್ಲಿಸಿದ್ರೆ ಬರೀ 2. ನಮ್ಮ ಅಜ್ಜನ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಬಿದ್ದ ತೆಂಗಿನ ಗರಿಯನ್ನು ಯಾರೂ ಒಲೆಗೆ ಹಾಕೋ ಹಾಗಿರಲಿಲ್ಲ. ಮಾಡಿಗೆ ಹೊದಿಸೋಕೆ ಬೇಕು, ತಟ್ಟಿ ಕಟ್ಟೋಕೆ ಬೇಕು. ಎರಡಾಗಿ ಒಡೆಯಬೇಕಾದ ಕೋಶಕ್ಕೂ ಅದೇ ಯೋಚನೆ: ಹೊಸ ಡಿಎನ್‌ಎ ಬೇಕು, ಹೊಸ ಪೊರೆಗೆ ಕೊಬ್ಬು ಬೇಕು. ಗ್ಲೂಕೋಸ್ ದಾರಿಯ ನಡುನಡುವಿನ ತುಂಡುಗಳನ್ನು ಅದಕ್ಕೆ ಎತ್ತಿಟ್ಕೊಳ್ಳುತ್ತೆ. ಬೇಗ ಬೇಗ ಹರೀತಿರೋ ಗ್ಲೂಕೋಸಿನಲ್ಲಿ ಹೀಗೆ ತುಂಡು ಎತ್ತೋದು ಸುಲಭ. ಇದೊಂದೇ ಕಾರಣ ಅಂತ ಹೇಳ್ತಿಲ್ಲ, ಇದರ ಮೇಲೆ ಇನ್ನೂ ಜಗಳ ನಡೀತಾನೇ ಇದೆ.

ಚೆಲ್ಲಿದ ಲ್ಯಾಕ್ಟೇಟೂ ಸುಮ್ಮನಿರಲ್ಲ. ಸುತ್ತಮುತ್ತ ಹುಳಿಯಾಗುತ್ತೆ, ಗಡ್ಡೆಯನ್ನು ಕೊಲ್ಲೋಕೆ ಬಂದ ಟಿ ಕೋಶಗಳು ಆ ಹುಳಿಯಲ್ಲಿ ಸೊರಗುತ್ತವೆ. ಪಕ್ಕದ ಕೋಶಗಳು ಅದೇ ಲ್ಯಾಕ್ಟೇಟನ್ನು ಒಳಗೆಳ್ಕೊಂಡು ಉರುವಲು ಮಾಡ್ಕೊಳ್ಳೋದೂ ಉಂಟು. 2019ರಲ್ಲಿ ಇನ್ನೊಂದು ಗೊತ್ತಾಯ್ತು: ಲ್ಯಾಕ್ಟೇಟ್ ಹೋಗಿ ಡಿಎನ್‌ಎ ಸುತ್ತಿಟ್ಟಿರೋ ಹಿಸ್ಟೋನಿಗೇ ಅಂಟಿಕೊಂಡು ಯಾವ ಜೀನ್ ಎಚ್ಚರ ಇರಬೇಕು ಅನ್ನೋದರಲ್ಲೂ ಕೈಯಾಡಿಸುತ್ತೆ. ಕಸ ಅಂದ್ಕೊಂಡಿದ್ದು ಮನೆ ಯಜಮಾನಿಕೆ ಮಾಡ್ತಿತ್ತು.

ಸ್ಟಾಪ್ ಬಂತು.

ಡೇಕೇರ್_ಅಕ್ಕ · ಸೋಮವಾರ ಮಧ್ಯಾಹ್ನ 2:20

ಗಡ್ಡೆಯನ್ನು ಉಪವಾಸ ಕೆಡವೋದು ಪೂರ್ತಿ ಸುಳ್ಳು ಅಂತ ಯಾರೂ ತಿಳ್ಕೊಬೇಡಿ. ನಾನು ಹನ್ನೊಂದು ವರ್ಷದಿಂದ ಮಕ್ಕಳ ಕ್ಯಾನ್ಸರ್ ವಾರ್ಡಿನ ನರ್ಸ್. ನಾವು ಅದನ್ನೇ ಮಾಡ್ತೀವಿ, ಆದರೆ ತಟ್ಟೆ ಕಿತ್ಕೊಂಡು ಅಲ್ಲ.

ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಅನ್ನೋ ರಕ್ತದ ಕ್ಯಾನ್ಸರ್ ಇರೋ ಮಕ್ಕಳಿಗೆ ಆಸ್ಪರಾಜಿನೇಸ್ ಅಂತ ಒಂದು ಇಂಜೆಕ್ಷನ್ ಇದೆ. ಅದು ಕಿಣ್ವವೇ. ರಕ್ತದಲ್ಲಿರೋ ಆಸ್ಪರಾಜಿನ್ ಅನ್ನೋ ಅಮೈನೊ ಆಮ್ಲವನ್ನು ಒಡೆದು ಖಾಲಿ ಮಾಡುತ್ತೆ. ನಮ್ಮ ಹೆಚ್ಚಿನ ಕೋಶಗಳು ಆಸ್ಪರಾಜಿನನ್ನು ತಾವೇ ಮಾಡ್ಕೊಳ್ತವೆ. ಈ ಲ್ಯುಕೇಮಿಯಾ ಕೋಶಗಳಿಗೆ ಆ ಕೆಲಸ ಸರಿಯಾಗಿ ಬರಲ್ಲ, ರಕ್ತದಿಂದಲೇ ತಗೊಂಡು ಬದುಕಬೇಕು. ಅಂಗಡಿ ಮುಚ್ಚಿದ್ರೆ ಮನೇಲಿ ಅಡುಗೆ ಮಾಡೋಕೆ ಬರೋರು ಉಳೀತಾರೆ, ಬರದಿರೋರು ಹೋಗ್ತಾರೆ.

ಸುಲಭದ ಔಷಧಿ ಅಲ್ಲ. ತೊಡೆಗೆ ಚುಚ್ಚಿದ ಮೇಲೆ ಮಗುವನ್ನು ಒಂದು ಗಂಟೆ ಕಣ್ಣಳತೆಯಲ್ಲೇ ಇಟ್ಕೊಳ್ತೀವಿ. ಮೈ ದದ್ದು, ಉಬ್ಬಸ, ತುಟಿ ಊತ ಬಂದ್ರೆ ತುರ್ತು ಔಷಧಿಯ ಟ್ರೇ ತಯಾರಿರುತ್ತೆ. ಮೇದೋಜೀರಕ ಗ್ರಂಥಿ ಬಾಯೋದು, ರಕ್ತ ಹೆಪ್ಪುಗಟ್ಟೋದೂ ಉಂಟು. ಆ ಒಂದು ಗಂಟೆಯಲ್ಲಿ ಮಕ್ಕಳು ನನ್ನ ಜೊತೆ ಚೌಕಾಬಾರ ಆಡ್ತಾರೆ. ನಾನು ಗೆದ್ದಿದ್ದು ನೆನಪಿಲ್ಲ.

ಇದರ ಹುಟ್ಟಿನ ಕತೆ ಟ್ರೈನಿಂಗಲ್ಲಿ ಹೇಳಿದ್ರು. 1953ರಲ್ಲಿ ಜಾನ್ ಕಿಡ್ ಅನ್ನೋರು ಲಿಂಫೋಮಾ ಕ್ಯಾನ್ಸರ್ ಇರೋ ಇಲಿಗಳಿಗೆ ಗಿನಿಯಿಲಿಯ ರಕ್ತದ ಸೀರಮ್ (ಹೆಪ್ಪು ತೆಗೆದ ಮೇಲೆ ಉಳಿಯೋ ತಿಳಿ) ಕೊಟ್ಟಾಗ ಗಡ್ಡೆ ಕರಗಿತು. ಕುದುರೆ, ಮೊಲದ ಸೀರಮಿನಿಂದ ಆಗಲಿಲ್ಲ. ಗಿನಿಯಿಲಿಯ ರಕ್ತದಲ್ಲಿ ಆಸ್ಪರಾಜಿನೇಸ್ ಇದೆ ಅಂತ 1922ರಲ್ಲೇ ಒಬ್ಬರು ಕಂಡಿದ್ರಂತೆ. 1961ರಲ್ಲಿ ಬ್ರೂಮ್ ಅನ್ನೋರು ಎರಡನ್ನೂ ಸೇರಿಸಿ ನೋಡೋವರೆಗೆ ಯಾರಿಗೂ ಹೊಳೆದಿರಲಿಲ್ಲ. ಈಗ ಬ್ಯಾಕ್ಟೀರಿಯಾದಿಂದ ತೆಗೀತಾರೆ.

ತುಂಗಾತೀರ, ಅತ್ತೆಯವರಿಗೆ ಗದರಬೇಡಿ. ಕೈಲಾದದ್ದು ಏನಾದ್ರೂ ಮಾಡಬೇಕು ಅನ್ನೋ ತಳಮಳ ಅದು. ಡಯಟೀಶಿಯನ್ ಹತ್ರ ಕೂರಿಸಿ, ಪ್ರೋಟೀನ್ ಎಷ್ಟು ಬೇಕು ಅಂತ ಅವರ ಬಾಯಿಂದಲೇ ಕೇಳಲಿ.

ಸತ್ಯಾನ್ವೇಷಿ_72 · ಸೋಮವಾರ ಸಂಜೆ 5:05

ಹಾಗಾದ್ರೆ ಆಸ್ಪರಾಜಿನ್ ಇರೋ ಊಟ ಬಿಟ್ರಾಯ್ತಲ್ಲ. ನಾನು ಹೇಳ್ತಿರೋದೂ ಅದೇ ತಾನೆ?

ಕಿಣ್ವ_ಕಿಟ್ಟಿ · ಸೋಮವಾರ ಸಂಜೆ 6:30

ಆಸ್ಪರಾಜಿನ್ ಬೇಳೆಯಲ್ಲಿದೆ, ಆಲೂಗಡ್ಡೆಯಲ್ಲಿದೆ, ಹಾಲು, ಮೊಟ್ಟೆ, ಮಾಂಸದಲ್ಲಿದೆ. ಅದೆಲ್ಲ ಬಿಟ್ಟು ಏನು ತಿನ್ನೋದು? ಬಿಟ್ರೂ ದೇಹ ಮಾಡ್ಕೊಳ್ಳುತ್ತೆ. ರಕ್ತದಲ್ಲಿ ಅದು ಹೆಚ್ಚುಕಮ್ಮಿ ಸೊನ್ನೆಗೆ ಇಳಿಯಬೇಕಾದ್ರೆ ಕಿಣ್ವವೇ ಬೇಕು.

ಆದರೂ ನಿಮ್ಮ ಪ್ರಶ್ನೆ ಕುಹಕದ್ದಲ್ಲ. 2018ರಲ್ಲಿ ಇಲಿಗಳ ಸ್ತನ ಕ್ಯಾನ್ಸರಿನಲ್ಲಿ ಆಸ್ಪರಾಜಿನ್ ಕಮ್ಮಿ ಮಾಡಿದಾಗ ಮೂಲ ಗಡ್ಡೆ ಹೆಚ್ಚೇನೂ ಬದಲಾಗಲಿಲ್ಲ, ಬೇರೆ ಕಡೆ ಹರಡೋದು ಕಮ್ಮಿಯಾಯ್ತು. ಬೆಳೆಯೋದು ಬೇರೆ, ಹರಡೋದು ಬೇರೆ, ಎರಡಕ್ಕೂ ಬೇಕಾದ ಸಾಮಾನು ಬೇರೆ ಅನ್ನೋದಕ್ಕೆ ಒಳ್ಳೆ ಉದಾಹರಣೆ. ಆಗ ಪತ್ರಿಕೆಗಳು "ಆಸ್ಪರಾಗಸ್ ತಿನ್ನಬೇಡಿ" ಅಂತ ಬರೆದ್ವು. ನಮ್ಮಲ್ಲಿ ಆ ತರಕಾರಿ ತಿನ್ನೋರು ಎಷ್ಟು ಜನ ಬಿಡಿ.

ನಿವೃತ್ತ_ಮೇಷ್ಟ್ರು · ಸೋಮವಾರ ರಾತ್ರಿ 8:10

ಈ ಎಳೆ ಓದುತ್ತಾ ಒಂದು ಸಂಗತಿ ನೆನಪಾಯಿತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು. ಇದನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಯ ಬಡ ಗರ್ಭಿಣಿಯರಿಗೆ ವಿಪರೀತ ರಕ್ತಹೀನತೆ. ಬ್ರೆಡ್ಡಿಗೆ ಸವರುವ ಅಗ್ಗದ ಯೀಸ್ಟ್ ಸಾರವೊಂದನ್ನು ಕೊಟ್ಟಾಗ ರಕ್ತ ಏರಿತು. ಅದರಲ್ಲಿದ್ದದ್ದು ಆಮೇಲೆ ಫೋಲಿಕ್ ಆಮ್ಲ ಎಂದು ಹೆಸರಾಯಿತು. ರಕ್ತ ಹೆಚ್ಚಿಸುವ ವಸ್ತುವಲ್ಲವೇ ಎಂದು ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅದರ ರೂಪಗಳನ್ನು ಲ್ಯುಕೇಮಿಯಾ ಮಕ್ಕಳಿಗೆ ಕೊಟ್ಟು ನೋಡಿದರು. ಕಾಯಿಲೆ ಇನ್ನೂ ಜೋರಾಯಿತು! ಸಣ್ಣ ಅಣುವೊಂದು ಕ್ಯಾನ್ಸರನ್ನು ಹೇಗೆ ಬೆಳೆಸುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡದ್ದು ಹಾಗೆ.

ಅಲ್ಲಿಂದ ಯೋಚನೆ ತಿರುಗಿತು: ಫೋಲಿಕ್ ಆಮ್ಲದಂತೆಯೇ ಕಂಡು, ಕೆಲಸಕ್ಕೆ ಬಾರದ ಅಣು ಕೊಟ್ಟರೆ? ಅಂಥದ್ದನ್ನು ಮಾಡಿಕೊಟ್ಟದ್ದು ಅಮೆರಿಕದ ಲೆಡರ್ಲಿ ಔಷಧಿ ಕಂಪನಿಯ ಪ್ರಯೋಗಾಲಯದಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ನಮ್ಮ ಪಕ್ಕದ ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದವರು. 1948ರ ಜೂನಿನಲ್ಲಿ ಫಾರ್ಬರ್ ಪ್ರಕಟಿಸಿದ ವರದಿಯಲ್ಲಿ 16 ಮಕ್ಕಳ ಪೈಕಿ 10 ಮಂದಿಗೆ ಕೆಲಕಾಲವಾದರೂ ಕಾಯಿಲೆ ತಗ್ಗಿತ್ತು. ಸುಬ್ಬರಾವ್ ಅದೇ ವರ್ಷ ತೀರಿಕೊಂಡರು. ಆ ಅಣುವಿನ ತಮ್ಮ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ನನ್ನ ತರಗತಿಯಲ್ಲಿ ಅವರ ಹೆಸರು ಮೊದಲೇ ಕೇಳಿದ್ದ ಮಗು ಒಂದೂ ಸಿಕ್ಕಿರಲಿಲ್ಲ.

ಡೇಕೇರ್_ಅಕ್ಕ · ಸೋಮವಾರ ರಾತ್ರಿ 8:31

ಮೇಷ್ಟ್ರೇ, ಮೆಥೊಟ್ರೆಕ್ಸೇಟ್ ನಾನು ದಿನಾ ಕೈಯಲ್ಲಿ ಹಿಡಿಯೋ ಔಷಧಿ. ಈ ಕತೆ ಗೊತ್ತಿರಲಿಲ್ಲ. ಇದಕ್ಕೇ ಹೇಳೋದು, ಚಿಕಿತ್ಸೆ ನಡೀವಾಗ "ಬರೀ ವಿಟಮಿನ್ ಅಲ್ವಾ" ಅಂತ ಅಂಗಡಿಯಿಂದ ಮಾತ್ರೆ ತಂದು ನುಂಗಬಾರದು. ಕೆಲವು ಕೀಮೋ ಜೊತೆ ಫೋಲಿಕ್ ಆಮ್ಲ ಸೇರಿದ್ರೆ ಅಡ್ಡಪರಿಣಾಮ ಜಾಸ್ತಿಯಾಗುತ್ತೆ. ಕೇಳಿ ತಗೊಳ್ಳಿ.

ಕೊಪ್ಪದ_ಕಾಫಿ · ಮಂಗಳವಾರ ಬೆಳಿಗ್ಗೆ 7:50

ನಡುವೆ ಬಾಯಿ ಹಾಕ್ತಿದ್ದೀನಿ. ನಮ್ಮ ಅಣ್ಣನಿಗೆ 36. ಹೋದ ವರ್ಷ ಫಿಟ್ಸ್ ಬಂದು ನೋಡಿದ್ರೆ ಮೆದುಳಲ್ಲಿ ಗಡ್ಡೆ. ಆಪರೇಷನ್ ಆಯ್ತು. ಬಯಾಪ್ಸಿ ಕಾಗದದಲ್ಲಿ "ಅಸ್ಟ್ರೊಸೈಟೋಮಾ, ಗ್ರೇಡ್ 2, ಐಡಿಎಚ್1 ಆರ್132ಎಚ್ ಮ್ಯುಟೆಂಟ್" ಅಂತಿದೆ. ಇದೂ ಮೆಟಬೊಲೈಟ್ ವಿಷಯ ಅಂತ ಎಲ್ಲೋ ಓದಿದೆ. ಕಿಟ್ಟಿಯವರೇ, ಕಾಫಿ ಆರಿದ್ರೂ ಪರವಾಗಿಲ್ಲ, ಬಿಡಿಸಿ ಹೇಳ್ತೀರಾ?

ಕಿಣ್ವ_ಕಿಟ್ಟಿ · ಮಂಗಳವಾರ ರಾತ್ರಿ 9:15

ಇದಕ್ಕೆ ಸಮಯ ತಗೊಂಡು ಬರೀಬೇಕು ಅಂತ ಬೆಳಿಗ್ಗೆಯಿಂದ ಕಾಯ್ತಿದ್ದೆ. ನನ್ನ ಕೇಳಿದ್ರೆ, ಈ ಇಡೀ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಕತೆ ಇನ್ನೊಂದಿಲ್ಲ. ನಿಮಗೆ ಸೊಗಸು ಅನ್ನಿಸದಿದ್ರೆ ಕ್ಷಮಿಸಿ.

ಐಡಿಎಚ್ ಒಂದು ಮಾಮೂಲಿ ಕಿಣ್ವ. ಐಸೊಸಿಟ್ರೇಟನ್ನು ಆಲ್ಫಾ-ಕೀಟೊಗ್ಲುಟರೇಟ್ ಮಾಡೋದು ಅದರ ಕೆಲಸ. ಪಿಯುಸಿ ಪುಸ್ತಕದ ಕ್ರೆಬ್ಸ್ ಚಕ್ರದಲ್ಲಿ ನಾವೆಲ್ಲ ಬಾಯಿಪಾಠ ಮಾಡಿ ಮರೆತಿದ್ದು. ಕ್ಯಾನ್ಸರಿಗೂ ಇದಕ್ಕೂ ಸಂಬಂಧ ಇರಬಹುದು ಅಂತ ಯಾರೂ ಅಂದ್ಕೊಂಡಿರಲಿಲ್ಲ. 2008ರಲ್ಲಿ ಮೆದುಳಿನ ಗಡ್ಡೆಗಳ ಜೀನುಗಳನ್ನು ಸಾಲಾಗಿ ಓದಿದಾಗ, ಕೆಲವು ರೋಗಿಗಳಲ್ಲಿ ಮತ್ತೆ ಮತ್ತೆ ಅದೇ ಒಂದು ಅಕ್ಷರ ತಪ್ಪು ಸಿಕ್ತು: ಐಡಿಎಚ್1ರ 132ನೇ ಜಾಗದಲ್ಲಿ ಆರ್ಜಿನಿನ್ ಅನ್ನೋ ಅಮೈನೊ ಆಮ್ಲ ಇರಬೇಕಾದಲ್ಲಿ ಹೆಚ್ಚಾಗಿ ಹಿಸ್ಟಿಡಿನ್ ಅನ್ನೋದು. ನಿಮ್ಮ ಕಾಗದದ ಆರ್132ಎಚ್ ಅಂದ್ರೆ ಅದೇ. ಸಾಮಾನ್ಯವಾಗಿ ಕಿಣ್ವ ಕೆಡಬೇಕಾದ್ರೆ ಎಲ್ಲಿ ಬೇಕಾದ್ರೂ ಕೆಡಬಹುದು. ಎಲ್ಲರಲ್ಲೂ ಅದೇ ಜಾಗದಲ್ಲೇ ಕೆಟ್ಟಿದೆ ಅಂದ್ರೆ ಅದು ಹಾಳಾದದ್ದಲ್ಲ, ಹೊಸ ಕಸುಬು ಕಲಿತದ್ದು ಅನ್ನೋ ಅನುಮಾನ ಬಂತು.

2009ರಲ್ಲಿ ಕಸುಬು ಸಿಕ್ತು. ಬದಲಾದ ಕಿಣ್ವ ಆಲ್ಫಾ-ಕೀಟೊಗ್ಲುಟರೇಟನ್ನು ಹಿಡಿದು 2-ಹೈಡ್ರಾಕ್ಸಿಗ್ಲುಟರೇಟ್ ಅನ್ನೋ ಇನ್ನೊಂದು ಅಣು ಮಾಡುತ್ತೆ. ಚಿಕ್ಕದಾಗಿ 2-ಎಚ್‌ಜಿ. ಆರೋಗ್ಯವಂತ ಕೋಶದಲ್ಲಿ ಇದು ಲೆಕ್ಕಕ್ಕಿಲ್ಲದಷ್ಟು ಕಮ್ಮಿ. ಈ ಗಡ್ಡೆಗಳಲ್ಲಿ ರಾಶಿ ಬಿದ್ದಿರುತ್ತೆ.

ರಾಶಿ ಬಿದ್ರೆ ಏನಾಗುತ್ತೆ? ನಮ್ಮ ಡಿಎನ್‌ಎ ಮೇಲೆ, ಹಿಸ್ಟೋನ್ ಮೇಲೆ ಮೀಥೈಲ್ ಅನ್ನೋ ಸಣ್ಣ ಗುರುತುಗಳಿರ್ತವೆ. ಯಾವ ಜೀನ್ ಓದಬೇಕು, ಯಾವುದನ್ನು ಮುಚ್ಚಿಡಬೇಕು ಅನ್ನೋದಕ್ಕೆ. ಎಳೆಯ ಕೋಶ ಬಲಿತು ಪ್ರಬುದ್ಧ ಕೋಶ ಆಗಬೇಕಾದ್ರೆ ಕೆಲವು ಗುರುತು ಅಳಿಸಬೇಕು. ಅಳಿಸೋ ಕಿಣ್ವಗಳಿಗೆ ಕೆಲಸ ಮಾಡೋಕೆ ಆಲ್ಫಾ-ಕೀಟೊಗ್ಲುಟರೇಟ್ ಬಂದು ಕೂರಬೇಕು. 2-ಎಚ್‌ಜಿ ನೋಡೋಕೆ ಥೇಟ್ ಅದರ ಥರಾನೇ, ಒಂದು ಆಮ್ಲಜನಕದ ಜಾಗದಲ್ಲಷ್ಟೇ ವ್ಯತ್ಯಾಸ. ಅದು ಹೋಗಿ ಆ ಸೀಟಲ್ಲಿ ಕೂರುತ್ತೆ, ಕೆಲಸ ಮಾತ್ರ ಮಾಡಲ್ಲ. ಜಾತ್ರೆ ದಿನ ಕೆಂಪು ಬಸ್ಸು ನಿಲ್ಲೋ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡೀತಾರಲ್ಲ, ಹಾಗೆ. ಟವೆಲ್ ಟಿಕೆಟ್ ತಗೊಳ್ಳಲ್ಲ, ಬೇರೆಯವರಿಗೂ ಕೂರೋಕೆ ಬಿಡಲ್ಲ. ಬಸ್ಸಿನ ತುಂಬ ಟವೆಲ್ ಬಿದ್ರೆ ಗುರುತು ಅಳಿಸೋ ಕೆಲಸ ನಿಂತು, ಕೋಶ ಬಲಿಯದೆ ಎಳೆಯದಾಗೇ ಉಳಿದು ಎರಡೆರಡಾಗಿ ಒಡೀತಾ ಹೋಗುತ್ತೆ.

ಕಸಿವಿಸಿ ಹುಟ್ಟಿಸೋ ವಿಷಯ ಇದು: ಇದುವರೆಗೆ ಜೀನ್ ಕೆಟ್ಟು ಚಯಾಪಚಯ ಬದಲಾಗುತ್ತೆ ಅಂತಿದ್ವಿ. ಇಲ್ಲಿ ಒಂದು ಪುಟ್ಟ ಅಣುವೇ ಹೋಗಿ ನೂರಾರು ಜೀನುಗಳ ಬಾಯಿ ಮುಚ್ಚಿಸ್ತಿದೆ. ಇಂಥವಕ್ಕೆ ಆಂಕೊಮೆಟಬೊಲೈಟ್ ಅಂತ ಹೆಸರಾಯ್ತು. ಸಕ್ಸಿನೇಟ್, ಫ್ಯೂಮರೇಟ್ ಇದೇ ಸಾಲಿನವು. ಅವನ್ನು ಕರಗಿಸೋ ಕಿಣ್ವದ ಜೀನ್ ಕೆಟ್ಟ ಕುಟುಂಬಗಳಲ್ಲಿ ಪ್ಯಾರಾಗ್ಯಾಂಗ್ಲಿಯೋಮಾ ಅನ್ನೋ ಅಪರೂಪದ ಗಡ್ಡೆ, ಇಲ್ಲವೇ ಒಂದು ಬಗೆಯ ಮೂತ್ರಪಿಂಡದ ಕ್ಯಾನ್ಸರ್ ಬರುತ್ತೆ.

ಇನ್ನು ಔಷಧಿ. ಟವೆಲ್ ಎಸೆಯೋ ಕೈಯನ್ನೇ ಹಿಡಿದ್ರಾಯ್ತು. ಇದೇ ಜಾತಿಯ ಮ್ಯುಟೇಶನ್ ಇರೋ ಮೈಲಾಯ್ಡ್ ಲ್ಯುಕೇಮಿಯಾಗೆ 2017ರಲ್ಲಿ ಎನಾಸಿಡೆನಿಬ್, 2018ರಲ್ಲಿ ಐವೊಸಿಡೆನಿಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದ್ವು. ಅಲ್ಲಿ ನಡೆಯೋದು ನೋಡಬೇಕು, ಎಷ್ಟೋ ರೋಗಿಗಳಲ್ಲಿ ಕ್ಯಾನ್ಸರ್ ಕೋಶ ಸಾಯೋ ಬದಲು ಬಲಿತು ಪ್ರಬುದ್ಧ ಕೋಶ ಆಗುತ್ತೆ. ಎಲ್ಲ ಒಟ್ಟಿಗೇ ಬಲಿತುಬಿಟ್ರೆ ಜ್ವರ, ಉಬ್ಬಸ ಬಂದು ಅದೇ ಒಂದು ಅಪಾಯ! ನಿಮ್ಮ ಅಣ್ಣನ ಥರದ ಗಡ್ಡೆಗೆ ವೊರಾಸಿಡೆನಿಬ್ ಅಂತ ಇದೆ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2024ರ ಆಗಸ್ಟಿನಲ್ಲಿ. ಅದಕ್ಕೆ ಮುಂಚೆ 331 ರೋಗಿಗಳಲ್ಲಿ ಪರೀಕ್ಷೆ ನಡೆಸಿದ್ರು. ಆಪರೇಷನ್ ಮಾತ್ರ ಆಗಿದ್ದ ಗ್ರೇಡ್ 2 ಗಡ್ಡೆಯವರು. ಖಾಲಿ ಮಾತ್ರೆ ತಗೊಂಡವರಲ್ಲಿ ಗಡ್ಡೆ ಮತ್ತೆ ಮುಂದುವರಿಯೋಕೆ ಮಧ್ಯಮ ಲೆಕ್ಕದಲ್ಲಿ 11.1 ತಿಂಗಳು, ಔಷಧಿ ತಗೊಂಡವರಲ್ಲಿ 27.7 ತಿಂಗಳು. ಗುಣ ಆಗುತ್ತೆ ಅಂತ ಅಲ್ಲ, ಸಮಯ ಸಿಗುತ್ತೆ. ಅಣ್ಣನಿಗೆ ಹೊಂದುತ್ತಾ, ಈಗಲೇ ಬೇಕಾ ಅನ್ನೋದು ಅವರ ಡಾಕ್ಟರೇ ಹೇಳಬೇಕು.

ಒಂದು ಸಮಾಧಾನ ಹೇಳಬಹುದು. ಮೆದುಳಿನ ಈ ಜಾತಿ ಗಡ್ಡೆಗಳಲ್ಲಿ ಐಡಿಎಚ್ ಬದಲಾಗಿರೋದು, ಬದಲಾಗದೇ ಇರೋದಕ್ಕಿಂತ ಒಟ್ಟಾರೆ ನಿಧಾನದ್ದು. ಕಾಗದದಲ್ಲಿ "ಮ್ಯುಟೆಂಟ್" ಅಂತ ನೋಡಿ ಹೆದರಿದ್ರೆ, ಆ ಪದ ಇಲ್ಲಿ ನಿಮ್ಮ ಕಡೆಗಿದೆ.

ಕೊಪ್ಪದ_ಕಾಫಿ · ಮಂಗಳವಾರ ರಾತ್ರಿ 9:48

ಎರಡು ಸಲ ಓದಿದೆ. ಅಣ್ಣನಿಗೂ ಓದಿ ಹೇಳಿದೆ. "ನನ್ನ ತಲೇಲಿ ಟವೆಲ್ ಹಾಕಿರೋದಾ" ಅಂತ ನಕ್ಕ. ಅವನು ನಕ್ಕು ಬಹಳ ದಿನ ಆಗಿತ್ತು ಸರ್.

ಹುಬ್ಳಿ_ಹುಡ್ಗ · ಮಂಗಳವಾರ ರಾತ್ರಿ 10:30

ಅಣ್ಣಾರ, ನನ್ನದೂ ಒಂದ್ ಪ್ರಶ್ನೆ ಐತಿ. ಪಾಮ್ ಎಣ್ಣಿ ತಿಂದ್ರ ಕ್ಯಾನ್ಸರ್ ಹರಡತೈತಿ ಅಂತ ಒಂದ್ ವಿಡಿಯೋ ಬಂದೈತಿ. ಖರೇ ಏನ್ರಿ? ನಮ್ಮ ಓಣಿ ಮಿರ್ಚಿ ಭಜಿ ಅದ್ರಾಗ ಕರೀತಾರು. ಬಿಡಬೇಕಂದ್ರ ಜೀವಾ ಬಿಟ್ಟಂಗ.

ಕಿಣ್ವ_ಕಿಟ್ಟಿ · ಬುಧವಾರ ಬೆಳಿಗ್ಗೆ 8:35

ಆ ವಿಡಿಯೋ ಹಿಂದೆ ನಿಜವಾದ ಸಂಶೋಧನೆ ಇದೆ. ಬಾರ್ಸಿಲೋನಾದ ಒಂದು ತಂಡ 2017 ಮತ್ತು 2021ರಲ್ಲಿ ಪ್ರಕಟಿಸಿದ್ದು. ಮನುಷ್ಯರ ಬಾಯಿ ಕ್ಯಾನ್ಸರಿನ ಕೋಶಗಳನ್ನು ಇಲಿಗೆ ಹಾಕಿ ನೋಡಿದ್ರು. ಕೊಬ್ಬನ್ನು ಒಳಗೆಳ್ಕೊಳ್ಳೋ ಸಿಡಿ36 ಅನ್ನೋ ಬಾಗಿಲು ಜಾಸ್ತಿ ಇರೋ ಕೋಶಗಳೇ ಬೇರೆ ಕಡೆ ಹೋಗಿ ನೆಲೆಯೂರ್ತಿದ್ವು. ಪಾಮ್ ಎಣ್ಣೆಯಲ್ಲಿ ಹೇರಳವಾಗಿರೋ ಪಾಮಿಟಿಕ್ ಆಮ್ಲ ಕೊಟ್ರೆ ಅದು ಇನ್ನೂ ಹೆಚ್ಚಾಯ್ತು. ಬೇರೆ ಕೊಬ್ಬಿನಾಮ್ಲಗಳಾದ ಓಲಿಯಿಕ್, ಲಿನೊಲಿಯಿಕ್ ಕೊಟ್ರೆ ಆಗಲಿಲ್ಲ. ಮೈ ಜುಂ ಅನ್ನಿಸಿದ್ದು ಇದು: ಪಾಮಿಟಿಕ್ ತಿಂದ ಕೋಶಗಳನ್ನು ತೆಗೆದು ಮಾಮೂಲಿ ಆಹಾರದ ಇಲಿಗೆ ಹಾಕಿದ್ರೂ ಅವು ಹರಡೋ ಚಾಳಿ ಬಿಡಲಿಲ್ಲ. ತಿಂದದ್ದು ನೆನಪಿಟ್ಟುಕೊಂಡಿದ್ವು.

ಆದರೆ ಇದು ಇಲಿಯ ಮಾತು, ಅದೂ ಆಗಲೇ ಕ್ಯಾನ್ಸರ್ ಇರೋ ಇಲಿಯದ್ದು. ಪಾಮ್ ಎಣ್ಣೆಯ ಕೊಬ್ಬಿನಲ್ಲಿ ಸುಮಾರು 44% ಪಾಮಿಟಿಕ್ಕೇ, ನಿಜ. ತುಪ್ಪದಲ್ಲೂ ಇದೆ, ನಮ್ಮ ದೇಹವೂ ಮಾಡುತ್ತೆ. ಭಜಿ ಕಮ್ಮಿ ಮಾಡೋಕೆ ಹೃದಯದ ಕಾರಣವೇ ಸಾಕು. ಓಣಿಯಲ್ಲಿ ಗುಟ್ಕಾ ಹಾಕೋರು ಇದ್ರೆ ಬಾಯಿ ಕ್ಯಾನ್ಸರಿನ ಲೆಕ್ಕದಲ್ಲಿ ಮೊದಲು ಅದನ್ನು ಬಿಡಿಸಿ. ಅದಕ್ಕೆ ಇಲಿ ಬೇಕಿಲ್ಲ, ಮನುಷ್ಯರ ಪುರಾವೆಯೇ ರಾಶಿ ಇದೆ.

ಹರಡೋ ಮಾತು ಬಂತು ಅಂತ ಇನ್ನೊಂದು. ಮೀಥೈಲ್‌ಮೆಲೊನಿಕ್ ಆಮ್ಲ ವಯಸ್ಸಾದ ಹಾಗೆ ರಕ್ತದಲ್ಲಿ ಏರುತ್ತೆ. 2020ರಲ್ಲಿ 60 ದಾಟಿದವರ ಸೀರಮಿನಲ್ಲಿ ಕ್ಯಾನ್ಸರ್ ಕೋಶ ಬೆಳೆಸಿದಾಗ ಅವು ಜಾಗ ಬಿಟ್ಟು ಓಡಾಡೋ ಸ್ವಭಾವಕ್ಕೆ ತಿರುಗಿದ್ವು, ಎಳೆಯರ ಸೀರಮಿನಲ್ಲಿ ಹಾಗಾಗಲಿಲ್ಲ. ಹುಡುಕಿದಾಗ ಈ ಆಮ್ಲದ ಕೈವಾಡ ಸಿಕ್ತು. ಇದನ್ನು ಕರಗಿಸೋ ಕಿಣ್ವಕ್ಕೆ ಬಿ12 ಬೇಕು. ಬಿ12 ಕಮ್ಮಿ ಇದ್ರೂ ಇದು ಏರುತ್ತೆ. ನಮ್ಮಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ಕೊರತೆ ಎಷ್ಟು ಸಾಮಾನ್ಯ ಅಂತ ಗೊತ್ತಲ್ಲ. ಹಾಗಂತ ಬಿ12 ಕಮ್ಮಿ ಇದ್ರೆ ಕ್ಯಾನ್ಸರ್ ಹರಡುತ್ತೆ ಅಂತ ಆ ಅಧ್ಯಯನ ತೋರಿಸಿಲ್ಲ. ನಾಳೆ ಹಾಗಂತ ಒಂದು ಫಾರ್ವರ್ಡ್ ಬಂದ್ರೆ ನನ್ನ ಹೆಸರು ಹಾಕಬೇಡಿ.

ಸತ್ಯಾನ್ವೇಷಿ_72 · ಬುಧವಾರ ಬೆಳಿಗ್ಗೆ 10:10

ಎಲ್ಲದಕ್ಕೂ "ಇಲಿ ಇಲಿ" ಅಂತೀರಿ. ಸರಿ, ಆಂಟಿ ಆಕ್ಸಿಡೆಂಟ್ ಆದ್ರೂ ಒಳ್ಳೇದು ತಾನೆ? ಸಕ್ಕರೆ ಕಾಯಿಲೆಗೆ ಕೊಡೋ ಮೆಟ್‌ಫಾರ್ಮಿನ್? ನನ್ನ ಸ್ನೇಹಿತರೊಬ್ಬರು ಎರಡೂ ತಗೊಳ್ತಿದ್ದಾರೆ.

ಕಿಣ್ವ_ಕಿಟ್ಟಿ · ಬುಧವಾರ ಮಧ್ಯಾಹ್ನ 1:25

ಈ ಸಲ ಮನುಷ್ಯರದ್ದೇ ಹೇಳ್ತೀನಿ. ಫಿನ್‌ಲ್ಯಾಂಡಿನಲ್ಲಿ 29,133 ಗಂಡಸರು, ಎಲ್ಲ ಬೀಡಿ ಸಿಗರೇಟಿನವರು (ಅಲ್ಲಿ ಬೀಡಿ ಇಲ್ಲ, ಬಾಯಿಗೆ ಬಂತು). ಬೀಟಾ ಕ್ಯಾರೋಟಿನ್ ಅನ್ನೋ ಆಂಟಿ ಆಕ್ಸಿಡೆಂಟ್ ಮಾತ್ರೆ ಕೊಟ್ರೆ ಶ್ವಾಸಕೋಶದ ಕ್ಯಾನ್ಸರ್ ತಗ್ಗುತ್ತೆ ಅಂತ ಆಸೆ. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ತಗೊಂಡವರಲ್ಲಿ 18% ಜಾಸ್ತಿಯಾಗಿತ್ತು. ಮೆಟ್‌ಫಾರ್ಮಿನ್ ಕತೆ ಅಷ್ಟು ಕೆಟ್ಟದ್ದಲ್ಲ, ಸಪ್ಪೆ. ಸಕ್ಕರೆ ಕಾಯಿಲೆ ಇಲ್ಲದ 3,649 ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ನೋಡಿದ್ರು, 2022ರ ವರದಿ: ಕಾಯಿಲೆ ಮರುಕಳಿಸೋದರಲ್ಲಿ ವ್ಯತ್ಯಾಸ ಇಲ್ಲ.

ಹಣ್ಣು ತರಕಾರಿ ಬೇರೆ, ಡಬ್ಬಿ ಪುಡಿ ಬೇರೆ. ಗಡ್ಡೆಯಿಂದ ಕಳಚಿ ರಕ್ತಕ್ಕೆ ಬಿದ್ದ ಕೋಶಕ್ಕೆ ಆಕ್ಸಿಡೇಟಿವ್ ಒತ್ತಡವೇ (ಆಮ್ಲಜನಕದ ಉಗ್ರ ರೂಪಗಳು ಮಾಡೋ ಹಾನಿ) ಯಮ, ಹೆಚ್ಚಿನವು ಅದರಲ್ಲೇ ಸಾಯ್ತವೆ. ಅದನ್ನು ನಾವೇ ತಣಿಸಿಕೊಟ್ರೆ? 2015ರಲ್ಲಿ ಚರ್ಮದ ಮೆಲನೋಮಾ ಇರೋ (ಹೂಂ, ಇಲಿ) ಇಲಿಗಳಿಗೆ ಆಂಟಿ ಆಕ್ಸಿಡೆಂಟ್ ಕೊಟ್ಟಾಗ ಹರಡೋದು ಹೆಚ್ಚಾಯ್ತು. ನಿಮ್ಮ ಸ್ನೇಹಿತರಿಗೆ ಡಾಕ್ಟರಿಗೆ ಹೇಳೋಕೆ ಹೇಳಿ, ಅಷ್ಟೇ.

ಸತ್ಯಾನ್ವೇಷಿ_72 · ಬುಧವಾರ ಮಧ್ಯಾಹ್ನ 3:00

ಕೀಟೊ (ಅನ್ನ, ಸಕ್ಕರೆ ಬಿಟ್ಟು ಕೊಬ್ಬೇ ಹೆಚ್ಚು ತಿನ್ನೋ ಪಥ್ಯ) ವಿಷಯ ನಾನು ಬಿಟ್ಟಿಲ್ಲ, ಇನ್ನೊಂದು ದಿನ ಬರ್ತೀನಿ. ಸ್ನೇಹಿತ ಅಂದಿದ್ದು ನನ್ನನ್ನೇ. ಡಬ್ಬಿ ಪುಡಿ ಸದ್ಯಕ್ಕೆ ಕಪಾಟಿಗೆ ಹೋಗಿದೆ.

ಡೇಕೇರ್_ಅಕ್ಕ · ಬುಧವಾರ ಮಧ್ಯಾಹ್ನ 3:12

ಕಪಾಟಲ್ಲ ಸರ್, ಮುಂದಿನ ಸಲ ಡಾಕ್ಟರ್ ಹತ್ರ ಹೋಗೋವಾಗ ಚೀಲಕ್ಕೆ. ಡಬ್ಬಿ ಸಮೇತ ತೋರಿಸಿ.

ತುಂಗಾತೀರ · ಮುಂದಿನ ಶನಿವಾರ ರಾತ್ರಿ 9:05

ತಡವಾಗಿ ಬಂದೆ, ಎಲ್ಲ ಓದಿದೆ. ಅತ್ತೆಗೂ ಓದಿಸಿದೆ. ಯಕೃತ್ತು ಮಾಂಸಖಂಡ ಒಡೆದು ಸಕ್ಕರೆ ಮಾಡೋ ಜಾಗ ಬಂದಾಗ ತಮ್ಮ ತೋಳು ಹಿಡಿದು ನೋಡ್ಕೊಂಡ್ರು, ಏನೂ ಮಾತಾಡಲಿಲ್ಲ. ಮಾರನೇ ದಿನ ತಾವಾಗೇ ಡಯಟೀಶಿಯನ್ ಹತ್ರ ಬರ್ತೀನಿ ಅಂದ್ರು. ಈಗ ಗಂಜಿಗೆ ತುಪ್ಪ, ಮೊಳಕೆ ಹೆಸರುಕಾಳು ಬೇಯಿಸಿದ್ದು, ದಿನಕ್ಕೆರಡು ಮೊಟ್ಟೆ, ಅನ್ನ ಸಾರು. ಹಾಗಲಕಾಯಿ ರಸ ಹೋಯ್ತು, ಗೊಜ್ಜು ಬಂತು. ನಿನ್ನೆ ಕೀಮೋ ಆಯ್ತು. ತೂಕ 48 ಮುಕ್ಕಾಲು.

ಕಾಫಿಗೆ ಸಕ್ಕರೆ ಮಾತ್ರ ಇನ್ನೂ ಹಾಕಿಸ್ಕೊಳ್ತಿಲ್ಲ. "ಹೆದರಿಕೆಗಲ್ಲ ಕಣೇ, ಈಗ ಡಿಕಾಕ್ಷನ್ ರುಚಿ ಗೊತ್ತಾಗ್ತಿದೆ" ಅಂತಾರೆ.

ಮೂರು ತಿಂಗಳಿಗೆ ಇನ್ನೊಂದು ಸ್ಕ್ಯಾನ್ ಇದೆ. ಮೂತ್ರಕೋಶ ಹೊಳೆದ್ರೆ ಕಿರುಚಬೇಡ ಅಂತ ನನಗೆ ಈಗಲೇ ಪಾಠ ಶುರುವಾಗಿದೆ.